ಎತ್ತರಿಸಿದ ಟ್ರಕ್ಕಿನ ಸ್ಟೀರಿಂಗ್ ನಡುಕ: ಮೂಲವನ್ನು ಹುಡುಕಿದ ಬಗೆ

ಸೇತುವೆಯ ಎರಡು ತುಂಡುಗಳು ಸೇರುವ ಕಡೆ ರಸ್ತೆಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ ಇರುತ್ತದೆ. ಮುಂದಿನ ಎಡ ಚಕ್ರ ಅದರ ಮೇಲೆ ಹಾದ ಕ್ಷಣದಲ್ಲಿ ನನ್ನ ಕೈಯಲ್ಲಿದ್ದ ಸ್ಟೀರಿಂಗ್ ಒಮ್ಮೆ ಮಿಸುಕಿತು. ಮರುಕ್ಷಣದಲ್ಲಿ ಎಡಕ್ಕೂ ಬಲಕ್ಕೂ ಎಷ್ಟು ರಭಸದಿಂದ ಹೊಡೆದುಕೊಳ್ಳತೊಡಗಿತೆಂದರೆ, ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದರೂ ಮೊಣಕೈಯವರೆಗೆ ನಡುಕ ಹತ್ತಿತು. ಆಗ ವೇಗ ಗಂಟೆಗೆ ಸುಮಾರು 80 ಕಿಲೋಮೀಟರ್ ಇತ್ತು. ಪಟ್ಟಿ ದಾಟಿ ರಸ್ತೆ ಮತ್ತೆ ನುಣುಪಾದ ಮೇಲೂ ನಡುಕ ನಿಲ್ಲಲಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಬ್ರೇಕನ್ನು ಮೆಲ್ಲಗೆ ಒತ್ತುತ್ತ ವೇಗವನ್ನು 45ರ ಆಸುಪಾಸಿಗೆ ಇಳಿಸಿದಾಗ, ಯಾರೋ ಸ್ವಿಚ್ಚು ಆರಿಸಿದ ಹಾಗೆ ಅದು ತಟ್ಟನೆ ನಿಂತುಹೋಯಿತು.

ನನ್ನ ಟ್ರಕ್ಕಿನ ಮುಂದಿನ ಆಕ್ಸಲ್ ಒಂದೇ ತುಂಡಿನದು, ಕಾಯಿಲ್ ಸ್ಪ್ರಿಂಗ್‌ಗಳ ಮೇಲೆ ಕೂತಿರುವಂಥದ್ದು. ಅದಕ್ಕೆ ವಾಹನದ ಮೈಯನ್ನು ಆಕ್ಸಲಿನಿಂದ ಮೇಲೆತ್ತುವ 4 ಇಂಚಿನ ಲಿಫ್ಟ್ ಕಿಟ್ ಹಾಕಿಸಿ, 31 ಇಂಚಿನ ಟೈರುಗಳ ಜಾಗದಲ್ಲಿ 35 ಇಂಚಿನವನ್ನು ತೊಡಿಸಿ ಕೆಲವು ತಿಂಗಳುಗಳಾಗಿದ್ದವು. ಅಂದಿನಿಂದ ಕಾರಣ ಸಿಗುವವರೆಗೆ ನಾನು ಮಾಡಿದ ತಪ್ಪುಗಳನ್ನೂ ಕೊನೆಗೆ ಸರಿಹೋದ ಬಗೆಯನ್ನೂ ಇಲ್ಲಿ ಬರೆಯುತ್ತಿದ್ದೇನೆ. ಇದೇ ತೊಂದರೆಯಲ್ಲಿರುವವರು ನನ್ನಂತೆ ಒಂದೊಂದೇ ಬಿಡಿಭಾಗವನ್ನು ಕೊಂಡು ಹಾಕುತ್ತ ಹೋಗಬಾರದು ಎಂಬುದು ನನ್ನ ಕಳಕಳಿ. ಕೊಳ್ಳುವ ಮೊದಲು ವಾಹನದ ಕೆಳಗೆ ಮಲಗಿ, ಭಾರ ಬಿದ್ದ ಸ್ಥಿತಿಯಲ್ಲಿ ಯಾವ ಕೀಲು ಅಲುಗುತ್ತಿದೆ ಎಂಬುದನ್ನು ಬೆರಳಿನಿಂದ ಮುಟ್ಟಿ ತಿಳಿಯಬೇಕು.

ಅದಕ್ಕೂ ಮೊದಲು ಆಗಬೇಕಾದ ಕೆಲಸವೊಂದಿದೆ. ‘ಸ್ಟೀರಿಂಗ್ ನಡುಗುತ್ತದೆ’ ಎಂಬ ಒಂದೇ ಮಾತಿನಡಿ ಬೇರೆ ಬೇರೆ ಕಾಯಿಲೆಗಳನ್ನು ನಾವು ಸೇರಿಸಿಬಿಡುತ್ತೇವೆ. ನಿರ್ದಿಷ್ಟ ವೇಗದಲ್ಲಿ ಶುರುವಾಗಿ, ಇನ್ನಷ್ಟು ವೇಗ ಹೆಚ್ಚಿಸಿದರೆ ಕಡಿಮೆಯಾಗುವ, ನುಣುಪಾದ ರಸ್ತೆಯಲ್ಲೂ ಬರುವ ಸಣ್ಣ ನಡುಕವಾದರೆ ಮೊದಲು ಟೈರು ಮತ್ತು ರಿಮ್ಮನ್ನು ನೋಡಬೇಕು. ಬ್ರೇಕ್ ಒತ್ತಿದಾಗ ಮಾತ್ರ ಬರುವ ನಡುಕಕ್ಕೆ ಹೆಚ್ಚಾಗಿ ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮ ಇಲ್ಲದಿರುವುದೇ ಕಾರಣ. ಚಕ್ರ ಗುಂಡಿಗೆ ಬಿದ್ದಾಗ ಸ್ಟೀರಿಂಗ್ ಒಮ್ಮೆ ಒಂದು ಕಡೆಗೆ ಎಳೆದು ಸುಮ್ಮನಾದರೆ ಅದು ಬಂಪ್ ಸ್ಟಿಯರ್, ಅಂದರೆ ಸ್ಟೀರಿಂಗನ್ನು ಚಕ್ರಗಳಿಗೆ ಜೋಡಿಸುವ ಸಲಾಕೆಗಳ ಕೋನದ ತೊಂದರೆ. ಕೈಗಿಂತ ಸೀಟಿನಲ್ಲಿ, ಕಾಲಡಿಯ ತಗಡಿನಲ್ಲಿ ಗುಂಯ್‌ಗುಡುವ ಕಂಪನವಿದ್ದರೆ, ಗೇರುಪೆಟ್ಟಿಗೆಯಿಂದ ಆಕ್ಸಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಅನುಮಾನಿಸಬೇಕು. ಸೇತುವೆಯ ಮೇಲೆ ನನಗಾದದ್ದು ಇವು ಯಾವುವೂ ಅಲ್ಲ. ಒಂದು ಏಟು ಬಿದ್ದ ಮೇಲೆ ತಾನೇ ತಾನಾಗಿ ಬೆಳೆದು, ವೇಗ ಇಳಿಸುವವರೆಗೆ ನಿಲ್ಲದ ಆ ಉಗ್ರ ನಡುಕವನ್ನು ಆಫ್‌ರೋಡ್ ವಾಹನದವರು ‘ಡೆತ್ ವಾಬಲ್’ ಎಂದು ಕರೆಯುತ್ತಾರೆ. ಒಂದೇ ತುಂಡಿನ ಆಕ್ಸಲ್ ಇರುವ ವಾಹನಗಳಲ್ಲಿ ಇದು ಹೆಚ್ಚು.

ಇದರ ಹಿಂದಿರುವ ಭೌತವಿಜ್ಞಾನ ತಿಳಿದ ಮೇಲೆ ನನ್ನ ಹುಡುಕಾಟದ ದಾರಿಯೇ ಬದಲಾಯಿತು. 35 ಇಂಚಿನ ಟೈರಿನ ಸುತ್ತಳತೆ ಸುಮಾರು 2.8 ಮೀಟರ್. ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ 22 ಮೀಟರಿಗೂ ಸ್ವಲ್ಪ ಹೆಚ್ಚು. ಹಾಗಾಗಿ ಚಕ್ರ ಸೆಕೆಂಡಿಗೆ ಸುಮಾರು 8 ಸುತ್ತು ತಿರುಗುತ್ತದೆ. ಚಕ್ರಗಳು, ಆಕ್ಸಲ್ ಮತ್ತು ಸ್ಟೀರಿಂಗ್ ಸಲಾಕೆಗಳೆಲ್ಲ ಸೇರಿದ ಈ ಭಾರವಾದ ಜೋಡಣೆಗೆ ತನ್ನದೇ ಆದ ಒಂದು ತೂಗಾಟದ ಲಯವಿರುತ್ತದೆ. ಚಕ್ರದ ಸುತ್ತುಗಳ ಲಯ ಅದಕ್ಕೆ ಹತ್ತಿರ ಬಂದಾಗ ಸಣ್ಣ ತಳ್ಳುಗಳೂ ಒಂದರ ಮೇಲೊಂದು ಸೇರಿ ದೊಡ್ಡದಾಗುತ್ತವೆ, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ. ಇದರ ಜೊತೆಗೆ ತಿರುಗುವ ಚಕ್ರ ಬುಗುರಿಯ ಗುಣವನ್ನೂ ಹೊಂದಿದೆ: ಆಕ್ಸಲಿನ ಒಂದು ತುದಿ ಮೇಲೆದ್ದು ಚಕ್ರ ವಾಲಿದ ಕೂಡಲೇ ಅದು ಪಕ್ಕಕ್ಕೆ ತಿರುಗಲು ನೋಡುತ್ತದೆ. ಎರಡು ಚಕ್ರಗಳೂ ಒಂದೇ ಆಕ್ಸಲಿಗೆ ಬಂಧಿತವಾಗಿರುವುದರಿಂದ ಒಂದರ ಏಟು ಇನ್ನೊಂದಕ್ಕೂ ತಟ್ಟುತ್ತದೆ. ಶಕ್ತಿ ಬರುವುದು ಮಾತ್ರ ವಾಹನದ ಮುನ್ನುಗ್ಗುವ ವೇಗದಿಂದಲೇ. ಆದ್ದರಿಂದಲೇ ವೇಗ ಇಳಿಸುವವರೆಗೆ ಅದು ನಿಲ್ಲುವುದಿಲ್ಲ. 1920ರ ದಶಕದಲ್ಲಿ ಕಡಿಮೆ ಒತ್ತಡದ ದಪ್ಪ ಟೈರುಗಳೂ ಮುಂದಿನ ಚಕ್ರಗಳಿಗೆ ಬ್ರೇಕುಗಳೂ ಬಂದಾಗ ಕಾರುಗಳಲ್ಲಿ ಇದೇ ಕಾಟ ಹೆಚ್ಚಿತ್ತು. ಮುಂದಿನ ಎರಡು ಚಕ್ರಗಳಿಗೂ ಪ್ರತ್ಯೇಕ ಸಸ್ಪೆನ್ಷನ್ ಕೊಡುವ ಪದ್ಧತಿ 1930ರ ದಶಕದಲ್ಲಿ ಹರಡಲು ಇದೂ ಒಂದು ಕಾರಣ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ನಡುಕವನ್ನು ಎಬ್ಬಿಸುವುದು ಒಂದು, ಅದು ಬೆಳೆಯಲು ಜಾಗ ಕೊಡುವುದು ಇನ್ನೊಂದು. ಸೇತುವೆಯ ಪಟ್ಟಿ ಎಬ್ಬಿಸಿತು, ಬ್ಯಾಲೆನ್ಸ್ ತಪ್ಪಿದ ಟೈರೂ ಎಬ್ಬಿಸಬಲ್ಲದು. ಆದರೆ ಬೆಳೆಯಲು ಜಾಗ ಕೊಡುವುದು ಎಲ್ಲೋ ಇರುವ ಸಡಿಲ. ಮೆಕ್ಯಾನಿಕ್‌ಗಳು ‘ಪ್ಲೇ ಇದೆ’ ಎನ್ನುವುದು ಇದನ್ನೇ. ಎಬ್ಬಿಸುವುದನ್ನು ಮಾತ್ರ ಸರಿಪಡಿಸಿದರೆ ಮುಂದಿನ ಗುಂಡಿ ಮತ್ತೆ ಎಬ್ಬಿಸುತ್ತದೆ.

ನನ್ನ ಮೊದಲ ತಪ್ಪು ಸ್ಟೀರಿಂಗ್ ಡ್ಯಾಂಪರ್, ಅಂದರೆ ಸ್ಟೀರಿಂಗ್ ಸಲಾಕೆಗೆ ಅಡ್ಡಲಾಗಿ ಕೂರುವ ಸಣ್ಣ ಶಾಕ್ ಅಬ್ಸಾರ್ಬರ್. ವಾಹನ ತೋರಿಸಿದ ಗ್ಯಾರೇಜಿನಲ್ಲಿ ಕೆಳಗೆ ಬಗ್ಗಿಯೂ ನೋಡದೆ ಅದನ್ನೇ ಬದಲಿಸಲು ಹೇಳಿದರು, ನಾನೂ ಒಪ್ಪಿದೆ. ಹಳೆಯದಕ್ಕಿಂತ ದಪ್ಪನೆಯ ಹೊಸ ಡ್ಯಾಂಪರ್ ಕೂತ ಮೇಲೆ ಮೂರು ವಾರ ಏನೂ ಆಗಲಿಲ್ಲ. ನಾಲ್ಕನೆಯ ವಾರ ಅದೇ ಸೇತುವೆಯ ಮೇಲೆ, ಅದೇ ವೇಗದಲ್ಲಿ, ಮೊದಲಿಗಿಂತ ಜೋರಾಗಿ ನಡುಕ ಮರಳಿತು. ಡ್ಯಾಂಪರಿನ ಕೆಲಸ ಸಣ್ಣಪುಟ್ಟ ಏಟುಗಳನ್ನು ಹೀರುವುದು. ಸಡಿಲವಾದ ಕೀಲಿನ ಶಕ್ತಿಯನ್ನೂ ಅದು ಸ್ವಲ್ಪ ಕಾಲ ಹೀರಿ ಮುಚ್ಚಿಡುತ್ತದೆ, ಅಷ್ಟರಲ್ಲಿ ಕೀಲು ಇನ್ನಷ್ಟು ಸವೆಯುತ್ತದೆ. ಡ್ಯಾಂಪರ್ ಹಾಕಿದರೆ ವಾಬಲ್ ಹೋಗುತ್ತದೆ ಎಂಬ ಸಲಹೆಯನ್ನು ನಾನು ಈಗ ಅಪಾಯಕಾರಿ ಎಂದೇ ಭಾವಿಸುತ್ತೇನೆ. ಎಣ್ಣೆ ಸೋರುತ್ತಿದ್ದರೆ, ಕೈಯಿಂದ ತಳ್ಳಿ ಎಳೆದಾಗ ಪ್ರತಿರೋಧವೇ ಇಲ್ಲದಿದ್ದರೆ ಖಂಡಿತ ಬದಲಿಸಬೇಕು. ಆದರೆ ಅದು ಕೊನೆಯಲ್ಲಿ ಆಗಬೇಕಾದ ಕೆಲಸ. ಪರೀಕ್ಷೆಯ ಹೊತ್ತಿಗಂತೂ ಅದನ್ನು ಕಳಚಿಟ್ಟರೆ ಸಡಿಲವೆಲ್ಲ ಸ್ಪಷ್ಟವಾಗಿ ಕಾಣುತ್ತದೆ.

ಎರಡನೆಯದಾಗಿ ಟೈರುಗಳ ಕಡೆ ಹೋದೆ. ಇದು ತಪ್ಪಲ್ಲ, ಅಗ್ಗದ ಮತ್ತು ಸುಲಭದ ಕೆಲಸವಾದ್ದರಿಂದ ಎಲ್ಲರೂ ಇಲ್ಲಿಂದಲೇ ಆರಂಭಿಸಬಹುದು. ಮೊದಲು ರಿಮ್ಮಿನ ಒಳಭಾಗ ನೋಡಿ: ಕೆಸರಿನಲ್ಲಿ ಓಡಿಸಿದ ಮೇಲೆ ಒಳಗೆ ಒಂದೇ ಕಡೆ ಒಣಗಿ ಗಟ್ಟಿಯಾದ ಮಣ್ಣು ಬ್ಯಾಲೆನ್ಸನ್ನು ಪೂರ್ತಿ ಕೆಡಿಸಬಲ್ಲದು. ಚಕ್ರವನ್ನು ಜ್ಯಾಕಿನ ಮೇಲೆ ಎತ್ತಿ ಕೈಯಿಂದ ತಿರುಗಿಸುತ್ತ, ಪಕ್ಕದಲ್ಲಿ ಒಂದು ಕಡ್ಡಿಯನ್ನು ಅಲುಗದಂತೆ ನಿಲ್ಲಿಸಿ ಟೈರಿಗೂ ಅದಕ್ಕೂ ನಡುವಿನ ಸಂದು ಸುತ್ತಲೂ ಒಂದೇ ಸಮ ಇದೆಯೇ ಎಂದು ಗಮನಿಸಬೇಕು. ಬ್ಯಾಲೆನ್ಸಿಂಗ್ ಯಂತ್ರ ತೂಕ ಸಮ ಇದೆ ಎಂದು ತೋರಿಸಿದರೂ ಟೈರು ಗುಂಡಗಿಲ್ಲದಿದ್ದರೆ ನಡುಕ ಬರುತ್ತದೆ, ದೊಡ್ಡ ಗುಬುಟುಗಳ ಮಡ್ ಟೈರುಗಳಲ್ಲಿ ಇದು ಸಾಮಾನ್ಯ. ಟೈರಿನ ಮೈಮೇಲೆ ಒಂದು ಕಡೆ ಉಬ್ಬು ಕಂಡರೆ ಒಳಗಿನ ಪದರ ಬಿಟ್ಟುಕೊಂಡಿದೆ ಎಂದೇ ತಿಳಿಯಬೇಕು. ಆ ಟೈರನ್ನು ಮತ್ತೆ ರಸ್ತೆಗೆ ಇಳಿಸಬಾರದು. ಮರಳಿಗಾಗಿ ಇಳಿಸಿದ ಗಾಳಿಯನ್ನು ಹೆದ್ದಾರಿಗೆ ಬರುವ ಮೊದಲು ತುಂಬಿದ್ದೀರಾ ಎಂಬುದನ್ನೂ ನೋಡಿಕೊಳ್ಳಿ. ಮುಂದಿನ ಚಕ್ರಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿ ಓಡಿಸುವುದು ಒಳ್ಳೆಯ ಪರೀಕ್ಷೆ: ನಡುಕ ಕೈಯಿಂದ ಸೀಟಿಗೆ ಹೋದರೆ ತಪ್ಪು ಟೈರಿನದೇ.

ನನ್ನ ಟೈರುಗಳಲ್ಲಿ ಒಂದನ್ನು ಬ್ಯಾಲೆನ್ಸ್ ಮಾಡಲು ರಿಮ್ಮಿಗೆ ಹೆಚ್ಚಿನ ತೂಕದ ಸೀಸದ ತುಂಡು ಬೇಕಾಯಿತು. ಅದಾದ ಮೇಲೆ ನುಣುಪು ರಸ್ತೆಯಲ್ಲಿದ್ದ ಸಣ್ಣ ನಡುಕ ಹೋಯಿತು, ಸೇತುವೆಯ ಮೇಲಿನ ದೊಡ್ಡ ನಡುಕ ಉಳಿಯಿತು. ಎರಡು ಬೇರೆ ಬೇರೆ ಕಾಯಿಲೆಗಳು ಒಂದೇ ವಾಹನದಲ್ಲಿದ್ದವು ಎಂಬುದು ಆಗ ಅರ್ಥವಾಯಿತು. ಇನ್ನೊಂದು ಮಾತು: 31ರಿಂದ 35 ಇಂಚಿಗೆ ಹೋದಾಗ ಸ್ಪೀಡೋಮೀಟರನ್ನು ತಿದ್ದಿಸದಿದ್ದರೆ, ಮುಳ್ಳು 80 ತೋರಿಸುವಾಗ ನಿಜವಾದ ವೇಗ ಸುಮಾರು 90 ಆಗಿರುತ್ತದೆ. ಯಾವ ವೇಗದಲ್ಲಿ ನಡುಕ ಬರುತ್ತದೆ ಎಂದು ಬರೆದಿಡುವವರು ಜಿಪಿಎಸ್ ವೇಗವನ್ನೇ ಬರೆದಿಡಬೇಕು.

ಇನ್ನು ಅಸಲು ಪರೀಕ್ಷೆ. ಇದಕ್ಕೆ ಜೊತೆಗೊಬ್ಬರು ಬೇಕು. ವಾಹನ ಸಮತಟ್ಟಾದ ನೆಲದ ಮೇಲೆ ತನ್ನ ಚಕ್ರಗಳ ಮೇಲೇ ನಿಂತಿರಬೇಕು, ಜ್ಯಾಕಿನ ಮೇಲಲ್ಲ. ಗೇರು ನ್ಯೂಟ್ರಲ್‌ನಲ್ಲಿರಬೇಕು ಅಥವಾ ಆಟೋಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿರಬೇಕು, ಹ್ಯಾಂಡ್ ಬ್ರೇಕ್ ಎಳೆದು ಹಿಂದಿನ ಚಕ್ರಗಳಿಗೆ ಅಡ್ಡ ಕಲ್ಲು ಇಟ್ಟಿರಬೇಕು. ಪವರ್ ಸ್ಟೀರಿಂಗಿಗಾಗಿ ಎಂಜಿನ್ ಚಾಲೂ ಮಾಡಿ, ಜೊತೆಗಾರ ಸ್ಟೀರಿಂಗನ್ನು ಗಡಿಯಾರದ 10ರ ಸ್ಥಾನದಿಂದ 2ರ ಸ್ಥಾನದವರೆಗೆ ಚುರುಕಾಗಿ ಆಚೀಚೆ ತಿರುಗಿಸುತ್ತಿರಬೇಕು. ಟೈರಿಗೆ ನೆಲದ ಹಿಡಿತ ಇರುವುದರಿಂದ ಸ್ಟೀರಿಂಗಿನ ಪೂರ್ತಿ ಬಲ ಪ್ರತಿ ಕೀಲಿನ ಮೇಲೂ ಬೀಳುತ್ತದೆ. ಚಕ್ರ ಮೇಲೆತ್ತಿದರೆ ಈ ಬಲವೇ ಬೀಳುವುದಿಲ್ಲ, ಅದಕ್ಕೇ ಲಿಫ್ಟಿನ ಮೇಲೆ ನೋಡಿದವರು ‘ಎಲ್ಲ ಸರಿ ಇದೆ’ ಎಂದು ಹೇಳಿ ಕಳಿಸುವುದು.

ನನ್ನ ತಮ್ಮ ಸ್ಟೀರಿಂಗ್ ಹಿಡಿದು ಕೂತ, ನಾನು ಟಾರ್ಚು ಹಿಡಿದು ಕೆಳಗೆ ಮಲಗಿದೆ. ಸ್ಟೀರಿಂಗ್ ಬಾಕ್ಸಿನಿಂದ ಆರಂಭಿಸಿ, ಅದರಿಂದ ಹೊರಬರುವ ತೋಳಾದ ಪಿಟ್‌ಮನ್ ಆರ್ಮ್, ಆ ತೋಳಿನ ತಳ್ಳನ್ನು ಚಕ್ರದ ಕಡೆಗೆ ಒಯ್ಯುವ ಡ್ರ್ಯಾಗ್ ಲಿಂಕಿನ ಎರಡು ತುದಿಗಳು, ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡಿನ ಎರಡು ತುದಿಗಳು ಎಂದು ಒಂದೊಂದನ್ನೂ ನೋಡುತ್ತ ಬಂದೆ. ಕಣ್ಣಿಗಿಂತ ಬೆರಳು ಹೆಚ್ಚು ನಂಬಿಕೆಗೆ ಅರ್ಹ: ಕೀಲಿನ ಎರಡು ಭಾಗಗಳಿಗೂ ತಾಗುವಂತೆ ಬೆರಳಿಟ್ಟರೆ ಅರ್ಧ ಮಿಲಿಮೀಟರಿನ ಅಲುಗಾಟವೂ ತಿಳಿಯುತ್ತದೆ. ಸಲಾಕೆಗಳ ನಡುವೆ ಬೆರಳು ಸಿಕ್ಕಿಕೊಳ್ಳದಂತೆ ಮಾತ್ರ ಎಚ್ಚರ ಇರಲಿ. ಎಲ್ಲವೂ ಬಿಗಿಯಾಗಿದ್ದವು. ಟ್ರ್ಯಾಕ್ ಬಾರ್ ಎಂಬ ಅಡ್ಡ ಸಲಾಕೆಯ, ಚಾಸಿ (ವಾಹನದ ಚೌಕಟ್ಟು) ಕಡೆಯ ತುದಿಗೆ ಬಂದಾಗ ‘ಟಕ್’ ಎಂಬ ಸಣ್ಣ ಸದ್ದು ಬೆರಳಿಗೇ ತಾಗಿತು. ಟಾರ್ಚು ಹಿಡಿದು ನೋಡಿದರೆ, ಬೋಲ್ಟಿನ ತಲೆಯ ಕೆಳಗೆ ಕಂದು ಬಣ್ಣದ ಸಣ್ಣ ಪುಡಿ, ಬ್ರ್ಯಾಕೆಟ್ಟಿನ ಕಪ್ಪು ಬಣ್ಣ ಉಜ್ಜಿಹೋಗಿ ಬಿದಿಗೆಯ ಚಂದ್ರನ ಆಕಾರದಲ್ಲಿ ಹೊಳೆಯುವ ಕಬ್ಬಿಣ. ಸ್ಟೀರಿಂಗ್ ಎಡಕ್ಕೆ ತಿರುಗಿದಾಗ ಆ ಹೊಳಪು ಕಾಣಿಸುತ್ತಿತ್ತು, ಬಲಕ್ಕೆ ತಿರುಗಿದಾಗ ಮುಚ್ಚಿಹೋಗುತ್ತಿತ್ತು. ಬೋಲ್ಟು ಕಳಚಿ ಅಳೆದಾಗ ರಂಧ್ರ ಒಂದು ದಿಕ್ಕಿನಲ್ಲಿ 2 ಮಿಲಿಮೀಟರ್ ಅಗಲವಾಗಿತ್ತು.

ಟ್ರ್ಯಾಕ್ ಬಾರ್ ಎಂದರೆ ಆಕ್ಸಲನ್ನು ಚಾಸಿಯ ಅಡಿ ಅಡ್ಡಡ್ಡ ಜಾರದಂತೆ ಹಿಡಿದಿಡುವ ಸಲಾಕೆ. ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಆಕ್ಸಲಿಗೆ. ಅದರ ತುದಿಯ ಬುಷ್ಷಿನೊಳಗೆ ಒಂದು ಉಕ್ಕಿನ ಕೊಳವೆ ಇರುತ್ತದೆ. ಬೋಲ್ಟು ಸಾಕಷ್ಟು ಬಿಗಿಯಾಗಿದ್ದರೆ ಬ್ರ್ಯಾಕೆಟ್ಟಿನ ಎರಡು ಕೆನ್ನೆಗಳು ಆ ಕೊಳವೆಯನ್ನು ಅದುಮಿ ಹಿಡಿಯುತ್ತವೆ, ಭಾರ ಹೊರುವುದು ಆ ಅದುಮುವಿಕೆಯ ಘರ್ಷಣೆ. ಬಿಗಿ ಕಡಿಮೆಯಾದಾಗ ಕೊಳವೆ ಜಾರತೊಡಗಿ, ಬೋಲ್ಟು ಪ್ರತಿ ತಿರುವಿನಲ್ಲೂ ರಂಧ್ರದ ಅಂಚಿಗೆ ಗುದ್ದಿ ಅದನ್ನು ಮೊಟ್ಟೆಯಾಕಾರಕ್ಕೆ ತರುತ್ತದೆ. ರಂಧ್ರ ಒಮ್ಮೆ ಅಗಲವಾದ ಮೇಲೆ ಎಷ್ಟು ಬಿಗಿ ಮಾಡಿದರೂ ಹೆಚ್ಚು ದಿನ ನಿಲ್ಲುವುದಿಲ್ಲ. ನನ್ನದರಲ್ಲಿ ಲಿಫ್ಟ್ ಹಾಕಿದವರು ವಾಹನ ಎತ್ತಿ ನಿಲ್ಲಿಸಿದ್ದಾಗಲೇ ಬೋಲ್ಟನ್ನು ಬಿಗಿ ಮಾಡಿದ್ದರು, ಮತ್ತೆ ಯಾರೂ ಅದನ್ನು ಮುಟ್ಟಿರಲಿಲ್ಲ. ರಬ್ಬರ್ ಬುಷ್ಷಿರುವ ಬೋಲ್ಟುಗಳನ್ನು ವಾಹನದ ಭಾರ ಚಕ್ರಗಳ ಮೇಲೆ ಕೂತ ನಂತರವೇ ಕೊನೆಯದಾಗಿ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರು ಸದಾ ತಿರುಚಿದ ಸ್ಥಿತಿಯಲ್ಲೇ ಇದ್ದು ಬೇಗ ಹರಿಯುತ್ತದೆ.

ಕೀಲುಗಳ ಪರೀಕ್ಷೆ ಅಲ್ಲಿಗೇ ನಿಲ್ಲಬಾರದು. ಒಂದು ತಪ್ಪು ಸಿಕ್ಕಿತೆಂಬ ಸಂತೋಷದಲ್ಲಿ ಉಳಿದದ್ದನ್ನು ಬಿಡುವುದು ಸುಲಭ. ಆಕ್ಸಲಿನ ಕೆಳಗೆ ಭದ್ರವಾದ ಸ್ಟ್ಯಾಂಡ್ ಕೊಟ್ಟು ಚಕ್ರವನ್ನು ನೆಲದಿಂದ ಎತ್ತಿ, ಮೇಲೆ ಮತ್ತು ಕೆಳಗೆ ಹಿಡಿದು ಅಲುಗಿಸಿದಾಗ ಸಡಿಲ ಕಂಡರೆ ಅದು ಬಾಲ್ ಜಾಯಿಂಟಿನದೋ (ಚಕ್ರ ಎಡಬಲಕ್ಕೆ ತಿರುಗಲು ಬಿಡುವ ಗುಂಡು ಕೀಲು) ಚಕ್ರದ ಬೇರಿಂಗಿನದೋ ಇರಬೇಕು. ಜೊತೆಗಾರನಿಗೆ ಬ್ರೇಕ್ ಒತ್ತಿಹಿಡಿಯಲು ಹೇಳಿ ಮತ್ತೆ ಅಲುಗಿಸಿ: ಸಡಿಲ ಮಾಯವಾದರೆ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್. ಟೈರಿನ ಕೆಳಗೆ ಹಾರೆ ಕೊಟ್ಟು ಮೀಟಿದಾಗ ಚಕ್ರ ಮೇಲಕ್ಕೆ ಕುಪ್ಪಳಿಸಿದರೂ ಬಾಲ್ ಜಾಯಿಂಟ್ ಸವೆದಿದೆ ಎಂದರ್ಥ. ಎಡಬದಿ ಬಲಬದಿ ಹಿಡಿದು ಅಲುಗಿಸಿದಾಗ ಸಡಿಲ ಸಿಕ್ಕರೆ ಟೈ ರಾಡ್ ತುದಿಗಳನ್ನು ಮತ್ತೆ ನೋಡಬೇಕು. ಸುಜುಕಿ ಜಿಮ್ನಿ, ಹಳೆಯ ಲ್ಯಾಂಡ್ ಕ್ರೂಸರ್, ಹಳೆಯ ಲ್ಯಾಂಡ್ ರೋವರ್ ಡಿಫೆಂಡರ್‌ಗಳಲ್ಲಿ ಬಾಲ್ ಜಾಯಿಂಟ್ ಬದಲು ಮೇಲೊಂದು ಕೆಳಗೊಂದು ಪಿನ್ನು ಇರುತ್ತದೆ. ಅವು ಸವೆದು ಬಿಗಿ ಕಳೆದುಕೊಂಡರೆ ಇದೇ ನಡುಕ ಬರುತ್ತದೆ. ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿ ಬಿಗಿ ಹೊಂದಿಸುವಾಗ, ಚಕ್ರದ ಗೂಡನ್ನು ತಿರುಗಿಸಲು ಎಷ್ಟು ಬಲ ಬೇಕೆಂದು ಸ್ಪ್ರಿಂಗ್ ತಕ್ಕಡಿಯಿಂದ ಅಳೆಯುವುದು ಅದರ ಸರಿಯಾದ ಕ್ರಮ. ಸ್ಟೀರಿಂಗ್ ಬಾಕ್ಸ್ ಕೂತಿರುವ ಕಡೆ ಚಾಸಿಯಲ್ಲಿ ಬಿರುಕು ಬಿಟ್ಟಿದೆಯೇ ಎಂದು ಮಣ್ಣು ತೊಳೆದು ನೋಡುವುದನ್ನು ಮರೆಯಬೇಡಿ. ದೊಡ್ಡ ಟೈರುಗಳ ಹೊರೆ ಅಲ್ಲಿಗೂ ಬೀಳುತ್ತದೆ.

ಇಷ್ಟಕ್ಕೂ ಎತ್ತರಿಸುವ ಮೊದಲು ಬಾರದ ನಡುಕ ಈಗೇಕೆ ಬಂತು? ಎತ್ತರಿಸಿದಾಗ ಟ್ರ್ಯಾಕ್ ಬಾರ್ ಕಡಿದಾಗಿ ನಿಲ್ಲುತ್ತದೆ, ಅದರ ಅಡ್ಡಳತೆ ಕಡಿಮೆಯಾಗಿ ಆಕ್ಸಲನ್ನು ಚಾಸಿಯ ಬ್ರ್ಯಾಕೆಟ್ ಇರುವ ಕಡೆಗೆ ಎಳೆಯುತ್ತದೆ. ಡ್ರ್ಯಾಗ್ ಲಿಂಕೂ ಕಡಿದಾಗುತ್ತದೆ. ಇವೆರಡೂ ಒಂದಕ್ಕೊಂದು ಸಮಾನಾಂತರವಾಗಿದ್ದರೆ ಚಕ್ರ ಮೇಲೆ ಕೆಳಗೆ ಹೋದಾಗ ಎರಡೂ ಒಂದೇ ಕಮಾನಿನಲ್ಲಿ ಚಲಿಸುತ್ತವೆ. ಪಿಟ್‌ಮನ್ ಆರ್ಮನ್ನು ಮಾತ್ರ ಕೆಳಕ್ಕೆ ಹೆಚ್ಚು ಬಾಗಿದ್ದಕ್ಕೆ ಬದಲಿಸಿ ಟ್ರ್ಯಾಕ್ ಬಾರನ್ನು ಹಾಗೇ ಬಿಟ್ಟರೆ ಆ ಹೊಂದಾಣಿಕೆ ತಪ್ಪಿ, ಪ್ರತಿ ಗುಂಡಿಯೂ ಸ್ಟೀರಿಂಗಿಗೆ ಒಂದು ತಳ್ಳು ಕೊಡುತ್ತದೆ. ಹೊರಗೆ ಚಾಚಿದ ರಿಮ್ಮುಗಳು ಮತ್ತು ಸ್ಪೇಸರ್‌ಗಳು ಟೈರಿನ ಮಧ್ಯಭಾಗವನ್ನು ಸ್ಟೀರಿಂಗ್ ಅಕ್ಷದಿಂದ ದೂರ ಒಯ್ಯುವುದರಿಂದ, ಅದೇ ಗುಂಡಿಯ ಏಟಿಗೆ ಹೆಚ್ಚು ಉದ್ದದ ಸನ್ನೆ ಸಿಕ್ಕ ಹಾಗಾಗುತ್ತದೆ.

ಕ್ಯಾಸ್ಟರ್ ಕೋನದ ವಿಷಯ ಇನ್ನೂ ಮುಖ್ಯ. ಸೈಕಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುವ ಹಾಗೆ ಚಕ್ರ ತಿರುಗುವ ಅಕ್ಷವೂ ಹಿಂದಕ್ಕೆ ವಾಲಿರುತ್ತದೆ. ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದು ಹೆಚ್ಚಾಗಿ ಇದರಿಂದಲೇ. ಆಕ್ಸಲನ್ನು ಚಾಸಿಗೆ ಜೋಡಿಸುವ ಆರ್ಮ್‌ಗಳನ್ನು ಮೊದಲಿದ್ದ ಉದ್ದದಲ್ಲೇ ಉಳಿಸಿಕೊಂಡು ಎತ್ತರಿಸಿದಾಗ ಆಕ್ಸಲ್ ಮುಂದಕ್ಕೆ ಹೊರಳಿ ಈ ಕೋನ ಕುಗ್ಗುತ್ತದೆ. ನನ್ನ ಟ್ರಕ್ಕಿನಲ್ಲಿ ಅದು 2.5 ಡಿಗ್ರಿಗೆ ಇಳಿದಿತ್ತು. ಹೊಂದಿಸಬಹುದಾದ ಕೆಳಗಿನ ಆರ್ಮ್‌ಗಳನ್ನು ಹಾಕಿ 5 ಡಿಗ್ರಿಗೆ ತಂದೆ. ಇನ್ನೂ ಹೆಚ್ಚಿಸಬಹುದಿತ್ತು, ಆದರೆ ಆಕ್ಸಲ್ ಹಿಂದಕ್ಕೆ ಹೊರಳಿದಷ್ಟೂ ಡಿಫರೆನ್ಷಿಯಲಿನ (ಆಕ್ಸಲಿನ ನಡುವಿನ ಗೇರುಗಳ ಗೂಡು) ಮೂತಿ ಕೆಳಗಾಗಿ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕೀಲು ಹೆಚ್ಚು ಬಾಗುತ್ತದೆ, ಅಲ್ಲಿ ಬೇರೆ ಕಂಪನ ಶುರುವಾಗುತ್ತದೆ. ಕ್ಯಾಸ್ಟರ್ ಅತಿಯಾದರೂ ನಡುಕಕ್ಕೆ ಇಂಬು ಸಿಗುತ್ತದೆ. ಟೋ ಅಳತೆಯನ್ನು, ಅಂದರೆ ಎರಡು ಚಕ್ರಗಳ ಮುಂಚೂಣಿಯ ನಡುವಿನ ಅಂತರ ಹಿಂಬದಿಗಿಂತ ಎಷ್ಟು ಕಡಿಮೆ ಎಂಬುದನ್ನು, ಒಳಮುಖವಾಗಿ 2 ಮಿಲಿಮೀಟರಿನಷ್ಟು ಇಟ್ಟೆ. ಇವೆಲ್ಲ ನನ್ನ ವಾಹನದ ಅಂಕಿಗಳು, ನಿಮ್ಮ ವಾಹನದ ಕೈಪಿಡಿಯ ಅಂಕಿಗಳಿಗೇ ಬದ್ಧರಾಗಿರಿ.

ದುರಸ್ತಿಗೆ ಎರಡು ದಿನ ಹಿಡಿಯಿತು. ಅಗಲವಾದ ರಂಧ್ರಕ್ಕೆ ದಪ್ಪ ಬೋಲ್ಟು ತುರುಕುವ ಬದಲು, ಬ್ರ್ಯಾಕೆಟ್ಟಿನ ಎರಡೂ ಕೆನ್ನೆಗಳಿಗೆ 6 ಮಿಲಿಮೀಟರ್ ದಪ್ಪದ ಉಕ್ಕಿನ ತುಂಡುಗಳನ್ನು ಬೋಲ್ಟಿನ ಅಳತೆಗೆ ಸರಿಯಾಗಿ ಕೊರೆದು ವೆಲ್ಡ್ ಮಾಡಿಸಿದೆ. ಬ್ಯಾಟರಿಯ ಸಂಪರ್ಕವನ್ನು ಮೊದಲೇ ತೆಗೆದಿದ್ದೆ. ಉದ್ದ ಹೊಂದಿಸಬಹುದಾದ ಹೊಸ ಟ್ರ್ಯಾಕ್ ಬಾರ್ ಹಾಕಿ ಆಕ್ಸಲನ್ನು ಚಾಸಿಯ ನಟ್ಟನಡುವೆ ತಂದೆ, ಡ್ರ್ಯಾಗ್ ಲಿಂಕಿಗೆ ಅದು ಸಮಾನಾಂತರ ಇದೆಯೇ ಎಂದು ಎರಡರ ಮೇಲೂ ಕೋನಮಾಪಕ ಇಟ್ಟು ನೋಡಿದೆ. ಚಕ್ರಗಳು ನೆಲಕ್ಕೆ ಬಂದ ಮೇಲೆ, ಹೊಸ ಬೋಲ್ಟನ್ನು ಟಾರ್ಕ್ ರೆಂಚಿನಿಂದ ಕೈಪಿಡಿ ಹೇಳಿದಷ್ಟು ಬಿಗಿದು, ಬೋಲ್ಟು ಸಡಿಲವಾದರೆ ತಿಳಿಯಲೆಂದು ಅದರ ತಲೆಯಿಂದ ಬ್ರ್ಯಾಕೆಟ್ಟಿನವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದೆ; ಆರ್ಮ್‌ಗಳ ಬೋಲ್ಟುಗಳಿಗೂ ಹಾಗೆಯೇ ಎಳೆದೆ.

ಪರೀಕ್ಷೆಗೆ ಮೊದಲು ಡ್ಯಾಂಪರನ್ನು ಕಳಚಿದ್ದೆ. ಬೆಳಗಿನ ಜಾವ ರಸ್ತೆ ಖಾಲಿ ಇರುವಾಗ ಅದೇ ಸೇತುವೆಯ ಪಟ್ಟಿಯನ್ನು ಮೊದಲು 60ರಲ್ಲಿ, ನಂತರ 70ರಲ್ಲಿ, ಕೊನೆಗೆ 80ರಲ್ಲಿ ದಾಟಿದೆ. ಪ್ರತಿ ಸಲವೂ ಕೈಗೆ ಒಂದು ಏಟು ತಾಗಿ ಅಲ್ಲೇ ಸತ್ತಿತು. ಡ್ಯಾಂಪರನ್ನು ಅದಾದ ಮೇಲೆಯೇ ಮರಳಿ ಹಾಕಿದೆ. 500 ಕಿಲೋಮೀಟರ್ ಓಡಿದ ನಂತರ ಕೆಳಗೆ ಮಲಗಿ ನೋಡಿದಾಗ ಟ್ರ್ಯಾಕ್ ಬಾರಿನ ಬಿಳಿ ಗೆರೆ ಕದಲಿರಲಿಲ್ಲ. ಆದರೆ ಕೆಳಗಿನ ಬಲ ಆರ್ಮಿನ ಬೋಲ್ಟಿನ ಗೆರೆ ಕೂದಲೆಳೆಯಷ್ಟು ಸರಿದಿತ್ತು. ಅದನ್ನು ಮತ್ತೆ ಬಿಗಿದು ಹೊಸ ಗೆರೆ ಎಳೆದಿದ್ದೇನೆ. ಕೆಸರಿನಲ್ಲಿ ಓಡಿಸಿ ತೊಳೆದಾಗಲೆಲ್ಲ ಮೊದಲು ನೋಡುವುದು ಆ ಗೆರೆಗಳನ್ನೇ.